ಹನ್ನೊಂದು ಕುರ್ಚಿಗಳು ಮತ್ತು ಕೆಂಚಮ್ಮ ಸಿಸ್ಟರ್

ಕೆಂಚಮ್ಮ ಸಿಸ್ಟರ್ ಮನೆಗೆ ಹೋದವರಿಗೆ ಮೊದಲು ಕುರ್ಚಿ ಬರುತ್ತದೆ, ಆಮೇಲೆ ನೀರು, ಆಮೇಲೆ ಮಾತು. ನಮ್ಮನ್ನು ಕೂರಿಸಿ ಅವರು ನಿಂತಿರುತ್ತಾರೆ. ಎಂಬತ್ತೆರಡು ವರ್ಷದ ಹೆಂಗಸು ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು ನಿಂತಿರುವಾಗ ಎದುರಿಗೆ ಕೂರುವುದು ಯಾರಿಗಾದರೂ ಕಷ್ಟವೇ. "ನೀವೂ ಕೂತ್ಕೊಳ್ಳಿ ಅಮ್ಮ" ಎಂದರೆ, "ನಂಗೆ ನಿಂತ್ರೇ ಆರಾಮು ಕಣಪ್ಪ, ಕುಂತ್ರೆ ಸೊಂಟ ಹಿಡ್ಕತದೆ" ಎನ್ನುತ್ತಾರೆ.

ಒಳಗಿನಿಂದ ಅವರ ಯಜಮಾನರು ಚೆಲುವಯ್ಯ ಕೂಗಿ ಹೇಳುತ್ತಾರೆ: "ಮೂವತ್ತೇಳು ವರ್ಷ ಸರ್ಕಾರ ನಿಲ್ಲಿಸಿ ಮಡಗಿತ್ತು. ಈಗ ನಾವು ಕೂರ್ಸೋಕಾಯ್ತದಾ?"

ಹೀಗೆ ತಾವು ಕೂರಲೊಲ್ಲದ ಈ ಹೆಂಗಸು, ಬೇರೆಯವರು ಕೂರಲಿ ಎಂದು ಒಂದು ಕಾಲದಲ್ಲಿ ಇಡೀ ಆಸ್ಪತ್ರೆಯನ್ನು ಅಲ್ಲಾಡಿಸಿದ್ದರು. ಅವರು ಹೇಳಿದ್ದನ್ನು, ಚೆಲುವಯ್ಯನವರು ನಡುನಡುವೆ ತಿದ್ದಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಕೆಂಚಮ್ಮ ಹುಟ್ಟಿದ್ದು ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಹತ್ತಿರದ ಒಂದು ಸಣ್ಣ ಊರಿನಲ್ಲಿ. ತಂದೆ ಬೋರಲಿಂಗಯ್ಯನವರಿಗೆ ನಾಲ್ಕು ಎಕರೆ ಹೊಲ, ಎರಡು ಎಮ್ಮೆ, ಐದು ಹೆಣ್ಣುಮಕ್ಕಳು. ಮೂರನೆಯವಳಾದ ಕೆಂಚಮ್ಮ ಮೆಟ್ರಿಕ್ ಪಾಸು ಮಾಡಿದಾಗ ಆ ಊರಿನಲ್ಲಿ ಮೆಟ್ರಿಕ್ ಪಾಸಾದವರು ಅವಳೂ ಸೇರಿ ಇಬ್ಬರೇ. ಇನ್ನೊಬ್ಬರು ಪೋಸ್ಟ್ ಮಾಸ್ಟರು. ಅವರೇ ಹೇಳಿದ್ದು, ಬೆಂಗಳೂರಲ್ಲಿ ನರ್ಸಿಂಗ್ ಟ್ರೇನಿಂಗ್ ಇದೆ, ಊಟ ವಸತಿ ಅವರದೇ ಅಂತ. ಊರಿನವರು ಬೋರಲಿಂಗಯ್ಯನವರನ್ನು ಸುಮ್ಮನೆ ಬಿಡಲಿಲ್ಲ.

"ಏನ್ಲಾ ಬೋರ, ಮಗಳ್ನ ಕಂಡೋರ ಉಚ್ಚೆ ಬಾಚಕ್ಕೆ ಕಳಿಸ್ತೀಯಂತೆ?"

"ಊಂ ಕಣ್ಲಾ. ನಿಂಗೆ ಮಂಡಿ ಮುರ್ದಾಗ ನಿಂದೂ ಬಾಚ್ತಾಳೆ. ಬೇಡಾ ಅಂದ್ರೆ ಈಗ್ಲೇ ಯೋಳ್ಬುಡು" ಎಂದರಂತೆ ಬೋರಲಿಂಗಯ್ಯ.

ಟ್ರೇನಿಂಗಿನಲ್ಲಿ ಮೊದಲು ಕಲಿಸಿದ್ದು ನಿಲ್ಲುವುದನ್ನು. ಮೆಟ್ರನ್ ಬಂದರೆ ನಿಲ್ಲಬೇಕು, ಡಾಕ್ಟರು ಬಂದರೆ ನಿಲ್ಲಬೇಕು, ದೊಡ್ಡ ತರಗತಿಯ ಹುಡುಗಿ ಬಂದರೂ ನಿಲ್ಲಬೇಕು. ಮೂರು ವರ್ಷ ಕಳೆಯುವ ಹೊತ್ತಿಗೆ ಬಾಗಿಲು ಕಿರ್ರೆಂದರೆ ಸಾಕು, ಕೆಂಚಮ್ಮನ ಮಂಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಈ ಅಭ್ಯಾಸ ಹೆಣ್ಣು ನೋಡುವ ದಿನ ಕೈಕೊಟ್ಟಿತು. ಗಂಡಿನ ಕಡೆಯವರು ಚಾಪೆ ತುಂಬ ಕೂತಿದ್ದರು. "ಕುಂತ್ಕೊ ಮಗ, ಕುಂತ್ಕೊ" ಎಂದು ಗಂಡಿನ ಸೋದರತ್ತೆ ಹೇಳಿದರೆ ಕೆಂಚಮ್ಮ ಕೂರುವುದು, ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬರುವುದು, ಇವಳು ಎದ್ದು ನಿಲ್ಲುವುದು. ನಾಲ್ಕು ಸಲ ಹೀಗಾಯಿತು. ಐದನೇ ಸಲ ಮದುವೆ ಗಂಡು ಚೆಲುವಯ್ಯನೂ ಎದ್ದು ನಿಂತ. ರೇಷ್ಮೆ ಇಲಾಖೆಯಲ್ಲಿ ಡಿಮಾನ್‌ಸ್ಟ್ರೇಟರ್ ಆಗಿದ್ದವನು, ಹಳ್ಳಿಹಳ್ಳಿ ತಿರುಗಿ ರೈತರ ಮನೆಯ ಬಿದಿರಿನ ಚಂದ್ರಿಕೆಗಳಲ್ಲಿ ಹುಳು ಹೇಗೆ ಗೂಡು ಕಟ್ಟುತ್ತಿದೆ ಎಂದು ಬಗ್ಗಿ ನೋಡುವುದೇ ಕೆಲಸ. "ಇವ್ರು ಕೂರಲ್ಲ, ನಾನೂ ನಿಂತಿರ್ತೀನಿ ಬುಡಿ, ಮಾತಾಡಿ ಮುಗಿಸಿ" ಎಂದ. ಮಾತು ಮುಗಿಯಿತು, ಮದುವೆಯೂ ಆಯಿತು.

ಆಮೇಲಿನ ಇಪ್ಪತ್ತು ವರ್ಷ ಕೆಂಚಮ್ಮ ಈ ನಾಲ್ಕು ತಾಲ್ಲೂಕುಗಳಲ್ಲೇ ವರ್ಗವಾಗುತ್ತಾ ಓಡಾಡಿದರು. ಮಾಗಡಿ, ರಾಮನಗರ, ಚನ್ನಪಟ್ಟಣ, ಮತ್ತೆ ಕನಕಪುರ. ಕುರ್ಚಿಯ ಸಂಗತಿ ನಡೆದದ್ದು ಯಾವ ಊರಿನ ಆಸ್ಪತ್ರೆಯಲ್ಲಿ ಎಂದು ಮಾತ್ರ ಅವರು ಹೇಳುವುದಿಲ್ಲ. "ಆಗಿನ ದೊಡ್ಡ ಡಾಕ್ಟ್ರ ಮೊಮ್ಮಕ್ಳು ಅಲ್ಲೇ ಅವ್ರೆ, ಪಾಪ ಬೇಜಾರ್ ಮಾಡ್ಕತಾವೆ" ಎನ್ನುತ್ತಾರೆ. ನಾನೂ ಕೇಳಲಿಲ್ಲ.

ನೋಂದಾಯಿತ ನರ್ಸ್‌ಗಳಿಗೆ ನಾಲ್ಕು ತಾಲ್ಲೂಕು ಸೇರಿ ಆಗ ಒಂದು ಸಂಘವಿತ್ತು. ಕೆಂಚಮ್ಮ ಅದರ ಕಾರ್ಯದರ್ಶಿ. ಸಂಘಕ್ಕೆ ಕಚೇರಿ ಇರಲಿಲ್ಲ. ರಾಮನಗರದಲ್ಲಿ ಸಮದ್ ಎಂಬ ಟೈಲರ್ ಇದ್ದರು, ಸುತ್ತಲಿನ ಎಲ್ಲ ನರ್ಸ್‌ಗಳ ಬಿಳಿ ಸೀರೆಯ ರವಿಕೆ, ಏಪ್ರನ್ ಹೊಲಿಯುವವರು ಅವರೇ. ಅಳತೆ ಕೊಡಲು ಹೇಗೂ ಎಲ್ಲರೂ ಅಲ್ಲಿಗೆ ಬರುತ್ತಿದ್ದರಿಂದ ತಿಂಗಳ ಮೊದಲ ಭಾನುವಾರ ಸಭೆಯನ್ನೂ ಅವರ ಅಂಗಡಿಯ ಹಿಂದಿನ ಪಡಸಾಲೆಯಲ್ಲೇ ಮಾಡುತ್ತಿದ್ದರು. ಠರಾವು ಬರೆಯುವಾಗ ಹೊಲಿಗೆ ಯಂತ್ರದ ಸದ್ದು ಜಾಸ್ತಿಯಾದರೆ ಕೆಂಚಮ್ಮ, "ಸಮದಣ್ಣ, ಒಸಿ ತಡೀರಿ, ಒಂದು ವಾಕ್ಯ ಐತೆ" ಎನ್ನುತ್ತಿದ್ದರು. ಸಮದ್ ಕಾಲು ತೆಗೆದು ಕಾಯುತ್ತಿದ್ದರು.

ಸಂಘ ಮೊದಲ ಸಲ ಮಾಡಿದ ಪ್ರತಿಭಟನೆ ಕೆಟ್ಟದಾಗಿ ಸೋತಿತ್ತು. ವಾರದ ರಜೆ ಸರಿಯಾಗಿ ಕೊಡಿ ಎಂದು ಕೇಳಿ ಎಲ್ಲರೂ ಕಪ್ಪು ರಿಬ್ಬನ್ ಪಿನ್ನು ಮಾಡಿಕೊಂಡು ಕೆಲಸಕ್ಕೆ ಬಂದಿದ್ದರು. ರೋಗಿಗಳು ಮತ್ತು ಅವರ ಕಡೆಯವರು ಅದನ್ನು ನೋಡಿ ಆಸ್ಪತ್ರೆಯಲ್ಲಿ ಯಾರೋ ದೊಡ್ಡವರು ತೀರಿಕೊಂಡಿದ್ದಾರೆಂದು ತಿಳಿದರು. ದೊಡ್ಡಆಲಹಳ್ಳಿಯ ಮುದುಕರೊಬ್ಬರು ರುಮಾಲು ತೆಗೆದು, "ಸಮಾಧಾನ ಮಾಡ್ಕಳ್ರವ್ವ, ಎಲ್ರೂ ಒಂದಿನ ಓಗೋರೇಯ" ಎಂದು ಪ್ರತಿಯೊಬ್ಬ ನರ್ಸ್‌ಗೂ ಹೇಳಿಕೊಂಡು ಬಂದರು. ಸಂಜೆಯ ಹೊತ್ತಿಗೆ ನಗು ತಡೆಯಲಾರದೆ ಎಲ್ಲರೂ ರಿಬ್ಬನ್ ಬಿಚ್ಚಿದರು.

ಸಾಬಿರಾ ಆಸ್ಪತ್ರೆಗೆ ಬಂದದ್ದು ಅದಾದ ಮೇಲೆ, ಎಂಬತ್ತನಾಲ್ಕರಲ್ಲಿ. ಇಪ್ಪತ್ತಾರು ವರ್ಷ, ಕೌನ್ಸಿಲ್ಲಿನಲ್ಲಿ ನೋಂದಣಿಯಾದ ನರ್ಸ್, ಆದರೆ ನೇಮಕಾತಿ ತಾತ್ಕಾಲಿಕ. ಗಂಡ ಫಕ್ರುದ್ದೀನ್ ಚನ್ನಪಟ್ಟಣದಲ್ಲಿ ಬೊಂಬೆ ಕೆಲಸ ಕಲಿತವನು, ಆಸ್ಪತ್ರೆಯ ಊರಿನಲ್ಲೇ ಒಂದು ಸಣ್ಣ ಪಟ್ಟಡಿ ಹಾಕಿಕೊಂಡು ಮರ ಕಡೆದು ಅರಗಿನ ಬಣ್ಣ ಕೊಟ್ಟು ಗಿಲಕಿ, ಬುಗುರಿ ಮಾಡುತ್ತಿದ್ದ. ಸಾಬಿರಾಳಿಗೆ ಎರಡು ಸಲ ಬಸಿರು ಉಳಿದಿರಲಿಲ್ಲ. ಈಗ ಮೂರನೆಯದು, ಐದು ತುಂಬಿ ಆರಕ್ಕೆ ಬಿದ್ದಿತ್ತು. ಲೇಡಿ ಡಾಕ್ಟರು ಒಂದೇ ಮಾತು ಹೇಳಿದ್ದರು: "ತುಂಬಾ ಹೊತ್ತು ನಿಲ್ಲಬೇಡ."

ಹೆರಿಗೆ ವಾರ್ಡಿನಲ್ಲಿ ಎಂಟು ಗಂಟೆ ಡ್ಯೂಟಿ. ನರ್ಸ್‌ಗೆ ಕೂರಲು ಏನೂ ಇಲ್ಲ. ಕೇಸ್ ಶೀಟು ಬರೆಯುವುದೂ ಕಿಟಕಿ ಕಟ್ಟೆಯ ಮೇಲೆ ಇಟ್ಟುಕೊಂಡು, ನಿಂತೇ. ರಜೆ ಹಾಕೋಣವೆಂದರೆ ತಾತ್ಕಾಲಿಕದವರಿಗೆ ಹೆರಿಗೆ ರಜೆಯಿಲ್ಲ. ಒಂದು ತಿಂಗಳು ಬರದಿದ್ದರೆ ಆದೇಶ ರದ್ದು, ಮತ್ತೆ ಸಿಗುವುದು ಯಾವ ಕಾಲಕ್ಕೋ. ಇತ್ತ ಕೆಲಸ, ಅತ್ತ ಮಗು. ಸಾಬಿರಾಳ ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಒಂದು ದಿನ ಗಂಡನ ಹವಾಯಿ ಚಪ್ಪಲಿ ಹಾಕಿಕೊಂಡು ಡ್ಯೂಟಿಗೆ ಬಂದಳು. ಅದನ್ನು ನೋಡಿದ ಕೆಂಚಮ್ಮ ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ಹೋದರು.

"ಸಾರ್, ವಾರ್ಡಿಗೊಂದು ಕುರ್ಚಿ ಬೇಕು."

"ಯಾರಿಗಮ್ಮ?"

"ನರ್ಸಿಗೆ."

ಡಾಕ್ಟರು ಕೆಟ್ಟವರಲ್ಲ. ಆದರೆ ಹಾಗೊಂದು ಬೇಡಿಕೆಯನ್ನು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ. "ನಾನೂ ನಿಂತೇ ಆಪರೇಷನ್ ಮಾಡೋದಲ್ವೇನಮ್ಮ" ಎಂದರು.

"ಆಪರೇಷನ್ ಮುಗಿದ ಮೇಲೆ ಈ ಕುರ್ಚಿಗೇ ಬರ್ತೀರಲ್ಲ ಸಾರ್."

ಡಾಕ್ಟರು ತಾವು ಕೂತಿದ್ದ ಕುರ್ಚಿಯನ್ನು ಒಮ್ಮೆ ನೋಡಿಕೊಂಡರು. ನಂತರ ಮೇಲಿನವರಿಗೆ ಬರೆಯಿರಿ ಎಂದರು. ಸಂಘದ ಕಾಗದದಲ್ಲಿ ಕೆಂಚಮ್ಮ ಜಿಲ್ಲಾ ಕಚೇರಿಗೆ ಬರೆದರು. ಹದಿನೈದು ದಿನಕ್ಕೆ ಉತ್ತರ ಬಂತು: ಶುಶ್ರೂಷಕಿಯರಿಗೆ ಆಸನ ಒದಗಿಸಲು ಹೊಸದಾಗಿ ಮಂಜೂರು ಮಾಡುವ ಅವಕಾಶವಿಲ್ಲ, ಆದರೂ ಸ್ಥಳ ಪರಿಶೀಲನೆಗೆ ಅಧಿಕಾರಿಯೊಬ್ಬರನ್ನು ಕಳುಹಿಸಲಾಗುವುದು. ಯಾವಾಗ ಎಂದು ಬರೆದಿರಲಿಲ್ಲ.

ಆ ಭಾನುವಾರ ಸಮದ್ ಅವರ ಪಡಸಾಲೆಯಲ್ಲಿ ಸಭೆ ಸೇರಿತು. ಕುದೂರಿನಿಂದ ಬಂದಿದ್ದ ಚಿನ್ನಮ್ಮ ಎಂಬ ನರ್ಸ್ ಪತ್ರ ಓದಿ, "ಅವ್ರು ಬರೋ ಹೊತ್ಗೆ ಸಾಬಿರಾ ಮಗ ಇಸ್ಕೂಲಿಗೋಯ್ತಾನೆ" ಎಂದರು. ಎಲ್ಲರೂ ನಕ್ಕರು, ಸಾಬಿರಾ ನಗಲಿಲ್ಲ. ಅವಳ ಅತ್ತೆ ಬಿಸ್ಮಿಲ್ಲಾ ಬೀ ಗಡುವು ಕೊಟ್ಟಿದ್ದರು.

"ಏಳು ತುಂಬೋದ್ರೊಳ್ಗೆ ಕೂರೋಕೆ ಜಾಗ ಸಿಕ್ಕಿಲ್ಲ ಅಂದ್ರೆ ನೌಕರಿ ಬಿಟ್ಬಿಡು ಅಂತವ್ರೆ ಅಕ್ಕ" ಎಂದಳು.

ಕೆಂಚಮ್ಮ ಪತ್ರ ಮಡಿಸಿಟ್ಟರು. "ಸರ್ಕಾರ ಕೊಡೋಗಂಟ ಯಾಕ್ ಕಾಯ್ಬೇಕು? ನಮ್ಮ ನಮ್ಮ ಮನೆ ಕುರ್ಚಿ ತಗೊಂಡೋಗಿ ಹಾಕ್ಕಳನ. ಬೇಡಾ ಅನ್ನೋ ರೂಲ್ಸು ಎಲ್ಲೈತೆ?"

ಆಸ್ಪತ್ರೆಯಲ್ಲಿದ್ದದ್ದು ಏಳು ನರ್ಸ್‌ಗಳು. ಚಿನ್ನಮ್ಮನೂ ಇನ್ನು ಮೂವರೂ, "ನಮ್ದೂ ಒಂದೊಂದಿರ್ಲಿ, ಸಂಘ ಅಂದ್ಮೇಲೆ" ಎಂದರು. ಹೀಗೆ ಒಟ್ಟು ಹನ್ನೊಂದಾಯಿತು.

ಮುಂದಿನ ಸೋಮವಾರ ನಾಲ್ಕು ದಿಕ್ಕಿನಿಂದ ಕುರ್ಚಿಗಳು ಹೊರಟವು. ಚಿನ್ನಮ್ಮ ಬೆತ್ತದ ಕುರ್ಚಿಯನ್ನು ಕುದೂರಿನ ಬಸ್ಸಿಗೆ ಹತ್ತಿಸಿದರು. ಕಂಡಕ್ಟರ್ ತಡೆದ.

"ಏನಮ್ಮೋ, ಬಸ್ನಲ್ಲಿ ಸೀಟು ಇಲ್ಲಾಂತ ಮನೆಯಿಂದ್ಲೇ ತಂದ್ಬುಟ್ರಾ?"

"ಊಂ ಕಣಪ್ಪ, ನಿನ್ನ ಬಸ್ ನಂಬ್ಕೊಂಡು ನಿಂತಿದ್ದು ಸಾಕಾಯ್ತು" ಎಂದು ಚಿನ್ನಮ್ಮ ನಡುದಾರಿಯಲ್ಲೇ ಕುರ್ಚಿ ಹಾಕಿ ಕೂತು ಮಾಗಡಿಯವರೆಗೆ ಬಂದರಂತೆ. ಅಲ್ಲಿಂದ ಮುಂದಿನ ಬಸ್ಸಿನಲ್ಲಿ ಕುರ್ಚಿ ಮೇಲೇರಿತು, ಅವರು ನಿಂತರು.

ಕೆಂಚಮ್ಮನ ಮನೆಯಿಂದ ಹೋದದ್ದು ಚೆಲುವಯ್ಯ ಪೇಪರ್ ಓದುವ ಕುರ್ಚಿ, ಹಸಿರು ಪ್ಲಾಸ್ಟಿಕ್ ವೈರು ಹೆಣೆದದ್ದು. "ನಾನೆಲ್ಲಿ ಕೂರ್ಲಿ?" ಎಂದು ಅವರು ಕೇಳಿದರೆ, "ಹೆಣ್ಣು ನೋಡಕ್ ಬಂದಾಗ ನಿಂತಿರ್ಲಿಲ್ವಾ?" ಎಂಬ ಉತ್ತರ ಬಂತು. ಎಲ್ಲಕ್ಕಿಂತ ಚೆಂದದ ಕುರ್ಚಿ ಫಕ್ರುದ್ದೀನನದು. ಅವನು ಹೆಂಡತಿಗೆಂದು ಹೊಸದಾಗಿ ಮಾಡಿದ್ದ. ನಾಲ್ಕು ಕಾಲೂ ಕಡೆದದ್ದು, ಕೆಂಪು ಹಳದಿ ಪಟ್ಟೆ, ಕೈಯಿಟ್ಟರೆ ಜಾರುವಷ್ಟು ನುಣುಪು. ಸೈಕಲ್ ಕ್ಯಾರಿಯರಿಗೆ ಕಟ್ಟಿ ತಂದು ಹೆರಿಗೆ ವಾರ್ಡಿನಲ್ಲಿ ಇಟ್ಟು, ತಾನೇ ಒಮ್ಮೆ ಅಲ್ಲಾಡಿಸಿ ನೋಡಿ ಹೋದ.

ದೊಡ್ಡ ಡಾಕ್ಟರು ಬಂದು ನೋಡಿದರು. ಬೇಡವೆನ್ನಲು ಏನೂ ಸಿಗಲಿಲ್ಲ. "ಮದುವೆ ಮನೆ ಆದಂಗಾಗಿದೆ" ಎಂದಷ್ಟೇ ಹೇಳಿ ಹೋದರು.

ಸಾಬಿರಾ ಆ ಕುರ್ಚಿಯಲ್ಲಿ ಕೂತದ್ದು ಸರಿಯಾಗಿ ಇಪ್ಪತ್ತು ನಿಮಿಷ.

ಮೂರನೇ ಮಂಚದ ಬಾಣಂತಿಯ ತಾಯಿ ದೊಡ್ಡಲಕ್ಷ್ಮಮ್ಮ ಹಿಂದಿನ ದಿನದಿಂದ ನೆಲದ ಮೇಲೆ ಕೂತಿದ್ದವರು, ಮಂಡಿ ಹಿಡಿದುಕೊಂಡು ಏಳಲು ಹೋಗಿ ಮಂಚದ ಕಂಬಿ ಹಿಡಿದು ನಿಂತರು. ಸಾಬಿರಾ ನೋಡಿದಳು. ಎಪ್ಪತ್ತು ವರ್ಷದ ಮುದುಕಿ ಎದುರಿಗೆ ನಿಂತಿರುವಾಗ ತಾನು ಕೂರುವುದು ಹೇಗೆ? "ಅಜ್ಜೀ, ಒಸಿ ಹೊತ್ತು ಇಲ್ಲಿ ಕುಂತ್ಕಳಿ" ಎಂದು ಎದ್ದುಬಿಟ್ಟಳು.

ದೊಡ್ಡಲಕ್ಷ್ಮಮ್ಮ ಬಣ್ಣದ ಕುರ್ಚಿಯ ಕೈ ಸವರಿ ನೋಡಿದರು. "ಇದ್ರ ಮ್ಯಾಲೆ ಕುಂತ್ರೆ ದುಡ್ಡೇನಾದ್ರೂ ಕೇಳ್ತಾರಾ ಮಗ?"

"ಇಲ್ಲ ಅಜ್ಜಿ."

"ಅಂಗಾರೆ ಕುಂತ್ಕತೀನಿ" ಎಂದು ಕೂತ ಅಜ್ಜಿ ಊಟದ ಹೊತ್ತಿನವರೆಗೂ ಏಳಲಿಲ್ಲ. ಪಕ್ಕದ ವಾರ್ಡಿನಲ್ಲೂ ಇದೇ ಕಥೆ. ಒಬ್ಬರ ಅವ್ವ, ಇನ್ನೊಬ್ಬರ ಮಾವ, ಕಾಲು ಸೊಟ್ಟಗಾದ ಒಬ್ಬ ಚಿಕ್ಕಪ್ಪ. ಬುಧವಾರದ ಹೊತ್ತಿಗೆ ಹನ್ನೊಂದು ಕುರ್ಚಿಗಳಲ್ಲೂ ರೋಗಿಗಳ ಕಡೆಯವರೇ. ಬೆಳಿಗ್ಗೆ ಬಂದವರು ಜಾಗ ಹಿಡಿಯಲು ಟವಲು ಹಾಕಿ ಹೋಗತೊಡಗಿದರು. ಏಳಿ ಎಂದು ಹೇಳಲು ಒಬ್ಬ ನರ್ಸ್‌ಗೂ ಬಾಯಿ ಬರಲಿಲ್ಲ, ಕೆಂಚಮ್ಮನಿಗೂ ಬರಲಿಲ್ಲ. ಡ್ಯೂಟಿ ಬದಲಾಗುವಾಗ ಮಂಚದಿಂದ ಮಂಚಕ್ಕೆ ಹೋಗಿ ಓವರ್ ಕೊಡುವುದು ಕ್ರಮ, ಯಾವ ರೋಗಿಗೆ ಏನಾಗಿದೆ, ಏನು ಕೊಟ್ಟಿದೆ ಎಂದು ಮುಂದಿನವರಿಗೆ ಹೇಳಿ ಒಪ್ಪಿಸುವುದು. ಈಗ ದಾರಿಗೆ ಅಡ್ಡವಾದ ಕುರ್ಚಿಗಳನ್ನು ಸುತ್ತುಬಳಸಿ ಹೋಗಬೇಕಾಯಿತು.

ಗುರುವಾರ ಹನ್ನೊಂದು ಗಂಟೆಗೆ ಪರಿಶೀಲನೆಯ ಅಧಿಕಾರಿ ಜೀಪಿನಿಂದ ಇಳಿದರು. ಯಾರಿಗೂ ತಿಳಿಸಿರಲಿಲ್ಲ.

ಅವರು ವಾರ್ಡುಗಳನ್ನು ಸುತ್ತಿದರು. ಬೆರಳು ತೋರಿಸುತ್ತಾ ಎಣಿಸಿದರು. ಹೆರಿಗೆ ವಾರ್ಡಿನಲ್ಲಿ ದೊಡ್ಡಲಕ್ಷ್ಮಮ್ಮ ಬಣ್ಣದ ಕುರ್ಚಿಯಿಂದ ಎದ್ದು ಸಾಹೇಬರಿಗೆ ಜಾಗ ಬಿಟ್ಟರು. ಸಾಹೇಬರು ಅದರಲ್ಲಿ ಕೂತು, ಕುರ್ಚಿಯ ಕೈಮೇಲೆ ಫೈಲು ಇಟ್ಟುಕೊಂಡು ವರದಿ ಬರೆದರು. ಹಾಳೆ ಹಾರದಂತೆ ಒಂದು ತುದಿ ಹಿಡಿದು ಪಕ್ಕದಲ್ಲಿ ನಿಂತದ್ದು ಸಾಬಿರಾ.

"ಸಾರ್, ಇವು ನಮ್ಮ ಮನೆ ಕುರ್ಚಿಗಳು" ಎಂದರು ಕೆಂಚಮ್ಮ.

"ಯಾರ ಮನೆಯದೇ ಇರಲಿ, ಇವೆಯಲ್ಲ?"

"ಇವೆ, ಆದರೆ ನಾವು ಕೂತಿಲ್ಲ ಸಾರ್."

"ಕುರ್ಚಿ ಇದ್ದೂ ಕೂರದಿದ್ದರೆ ಇಲಾಖೆ ಏನು ಮಾಡಬೇಕಮ್ಮ? ಹಿಡಿದು ಕೂರಿಸಬೇಕಾ?" ಎಂದು ಸಾಹೇಬರು ಟೊಪ್ಪಿ ಸರಿಮಾಡಿಕೊಂಡು ಜೀಪು ಹತ್ತಿದರು.

ವರದಿಯ ಪ್ರತಿ ಹತ್ತು ದಿನಕ್ಕೆ ಬಂತು. ಸದರಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯರ ಉಪಯೋಗಕ್ಕೆ ಹನ್ನೊಂದು ಕುರ್ಚಿಗಳು ಸುಸ್ಥಿತಿಯಲ್ಲಿವೆ, ರೋಗಿಗಳ ಬಂಧುಗಳಿಗೂ ಆಸನ ಸೌಕರ್ಯ ಕಂಡುಬಂದಿದೆ, ದೂರು ಆಧಾರರಹಿತ. ಇಂಥ ಮಾದರಿ ವ್ಯವಸ್ಥೆಯನ್ನು ನೋಡಲು ಮುಂದಿನ ತಿಂಗಳು ಮೇಲಧಿಕಾರಿಗಳು ಖುದ್ದಾಗಿ ಬರುವರು.

ಮೊದಲ ಭಾನುವಾರಕ್ಕೆ ಕಾಯದೆ ಎಲ್ಲರೂ ಅಂದೇ ಸಮದ್ ಅವರ ಪಡಸಾಲೆಯಲ್ಲಿ ಸೇರಿದರು, ಕೆಂಚಮ್ಮನಿಗೆ ಚೆನ್ನಾಗಿ ಬಿತ್ತು. "ಕುರ್ಚಿ ಹೊತ್ಕೊಂಡೋಗಿ ನಮ್ಮ ಕೇಸ್‌ಗೆ ನಾವೇ ಕೊಳ್ಳಿ ಇಟ್ಕೊಂಡ್ವಲ್ಲಕ್ಕ" ಎಂದರು ಚಿನ್ನಮ್ಮ. "ನಮ್ಮತ್ತೆ ಬ್ಯಾರೆ ಬೆತ್ತದ ಕುರ್ಚಿ ಎಲ್ಲಿ ಅಂತ ದಿನಾ ಕೇಳ್ತಾವ್ರೆ." ಸಾಬಿರಾಳಿಗೆ ಏಳು ತುಂಬಲು ಹದಿನೆಂಟು ದಿನ ಉಳಿದಿತ್ತು. ರಾಜೀನಾಮೆ ಪತ್ರವನ್ನು ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದಳು.

ಕೆಂಚಮ್ಮ ವರದಿಯನ್ನು ಮತ್ತೊಮ್ಮೆ ಓದಿದರು. ಮೂರನೇ ಸಲ ಓದುವಾಗ ಮುಖ ಬದಲಾಯಿತು.

"ಸಮದಣ್ಣ, ಒಸಿ ಮಿಷಿನ್ ನಿಲ್ಸಿ" ಎಂದರು. ಯಂತ್ರ ನಿಂತಿತು. "ಈಗ ಆಸ್ಪತ್ರೆಲಿ ಹನ್ನೊಂದು ಕುರ್ಚಿ ಐತೆ ಅಂತ ಸರ್ಕಾರನೇ ಬರ್ಕೊಟ್ಟೈತೆ. ಸರಿನಾ? ನರ್ಸಿಗೆ ಕುರ್ಚಿ ಕೊಡಕ್ಕಾಗಲ್ಲ ಅಂತಿದ್ದೋರೇ ನರ್ಸಿನ ಕುರ್ಚಿ ಅಂತ ಬರ್ದವ್ರೆ. ನಾಳೆ ನಮ್ಮ ನಮ್ಮ ಕುರ್ಚಿ ನಾವು ಮನೆಗ್ ತಗೊಂಡೋಗನ. ಮೇಲಿನ ಸಾಹೇಬ್ರು ಬಂದಾಗ ದೊಡ್ಡ ಡಾಕ್ಟ್ರು ಏನ್ ತೋರಿಸ್ತಾರೆ?"

ಮೊದಲು ನಕ್ಕವರು ಸಮದ್. "ಅಮ್ಮಾ, ನೀವು ನರ್ಸಾಗಿದ್ದು ವೇಸ್ಟು, ವಕೀಲ್ರಾಗ್ಬೇಕಿತ್ತು" ಎಂದರು.

ಮರುದಿನ ಸಂಜೆ ಕುರ್ಚಿಗಳು ಬಂದ ದಾರಿಯಲ್ಲೇ ಹೊರಟವು. ಫಕ್ರುದ್ದೀನ್ ಸೈಕಲ್ ತಂದ. ಹಸಿರು ವೈರಿನ ಕುರ್ಚಿಗಾಗಿ ಚೆಲುವಯ್ಯ ಪೇಪರ್ ಹಿಡಿದು ಬಾಗಿಲಲ್ಲೇ ಕಾದಿದ್ದರು. ದೊಡ್ಡಲಕ್ಷ್ಮಮ್ಮನ ಮಗಳು ಮನೆಗೆ ಹೋಗಿ ಆಗಿತ್ತು. ಹೊಸದಾಗಿ ಬಂದಿದ್ದ ಅಜ್ಜಿಯರು, "ಯಾಕವ್ವ ಕಿತ್ಕಂಡೋಯ್ತೀರಿ, ನಾವೇನ್ ತಪ್ಪು ಮಾಡುದ್ವಿ?" ಎಂದು ಕೇಳಿದರು. ಆ ಮಾತು ಕೆಂಚಮ್ಮನಿಗೆ ನಾಟಿತು.

ಬೆಳಿಗ್ಗೆ ದೊಡ್ಡ ಡಾಕ್ಟರು ಜವಾನ ಹುಚ್ಚಯ್ಯನನ್ನು ಕಳಿಸಿ ಕೆಂಚಮ್ಮನನ್ನು ಕರೆಸಿದರು.

"ಕುರ್ಚಿಗಳೆಲ್ಲಿ ಸಿಸ್ಟರ್?"

"ನಮ್ಮವಾ ಸಾರ್? ಮನೆಲವೆ."

"ಮೇಲಧಿಕಾರಿಗಳು ಬರ್ತಾರಲ್ಲಮ್ಮ! ಹನ್ನೊಂದು ಇವೆ ಅಂತ ರಿಪೋರ್ಟ್ ಆಗಿದೆ."

"ರಿಪೋರ್ಟ್ ಬರೆದಿದ್ದು ನಾವಲ್ವಲ್ಲ ಸಾರ್."

"ಒಂದೇ ಒಂದಿನ ಮತ್ತೆ ತಂದಿಡಿ, ಅವರು ಹೋದ್ಮೇಲೆ ತಗೊಂಡೋಗಿ."

"ಸಂಘದಲ್ಲಿ ಕೇಳ್ಬೇಕು ಸಾರ್. ಸಭೆ ಇರೋದು ಮೊದಲ ಭಾನುವಾರ. ಅಷ್ಟರೊಳಗೆ ಅವರು ಬಂದ್ಬಿಟ್ರೆ ನಾವೇನ್ ಮಾಡೋಕಾಗತ್ತೆ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಕುರ್ಚಿಗಳಿಲ್ಲ ಎಂದು ಬರೆದರೆ ವರದಿ ಸುಳ್ಳೆಂದಂತಾಗುತ್ತದೆ. ಹೊಸದಾಗಿ ಕೊಡಿ ಎಂದರೆ ಮಂಜೂರಿಗೆ ಅವಕಾಶವಿಲ್ಲವೆಂದು ಮೊದಲೇ ಹೇಳಿದ್ದಾರೆ. "ಏನಂತ ಬರೀಲಿ ನೀವೇ ಹೇಳಿ" ಎಂದರು, ಅರ್ಧ ಸಿಟ್ಟಿನಲ್ಲಿ.

ಕೆಂಚಮ್ಮ ಅದನ್ನೂ ಯೋಚಿಸಿಕೊಂಡೇ ಬಂದಿದ್ದರು. "ಹೊಸದು ಅಂತ ಬರೀಬೇಡಿ ಸಾರ್. ಇದ್ದ ಹನ್ನೊಂದು ಕುರ್ಚಿ ಈಗ ಉಪಯೋಗಕ್ಕಿಲ್ಲ, ಅದ್ರ ಬದಲಿ ಕೊಡಿ ಅಂತ ಬರೀರಿ. ಹರಿದ ಹಾಸಿಗೆಗೆ ಬದಲಿ ಹಾಸಿಗೆ ಕೊಡಲ್ವಾ, ಹಂಗೇ."

ಡಾಕ್ಟರು ಪೆನ್ನು ತೆಗೆದರು.

"ಇನ್ನೂ ಒಂದೈತೆ ಸಾರ್. ಬಂಧುಗಳಿಗೂ ಆಸನ ಸೌಕರ್ಯ ಕಂಡುಬಂದಿದೆ ಅಂತ ಬರೆದವ್ರೆ. ಅದ್ಕೆ ವಾರ್ಡಿಗೆರಡು ಉದ್ದನೆ ಬೆಂಚು ಬೇಕು."

"ಕುರ್ಚಿ ಕೇಳಿದ್ರಿ, ಬರೀತಾ ಇದ್ದೀನಿ. ಬೆಂಚ್ ಯಾಕಮ್ಮ ಮತ್ತೆ?"

"ಬೆಂಚ್ ಇಲ್ದಿದ್ರೆ ಕುರ್ಚಿ ಬಂದೂ ಉಪಯೋಗ ಇಲ್ಲ ಸಾರ್. ಅಜ್ಜಿ ನಿಂತಿದ್ರೆ ನಮ್ಮ ಹುಡುಗೀರು ಕೂರಲ್ಲ. ನಾಲ್ಕೇ ದಿನಕ್ಕೆ ಗೊತ್ತಾಯ್ತು. ಅಜ್ಜೀರು ಕುಂತ್ರೇನೇ ನಾವು ಕೂರೋದು."

ಡಾಕ್ಟರು ತಲೆಯೆತ್ತಿ ನೋಡಿದರು. ಬೆಂಚನ್ನೂ ಬರೆದರು. ಆಮೇಲೆ ಬಹುಶಃ ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಎದುರಿಗಿದ್ದ ಖಾಲಿ ಕುರ್ಚಿ ತೋರಿಸಿ, "ಓದಿ ನೋಡಿ, ಕೂತ್ಕೊಂಡು" ಎಂದರು. ಕೆಂಚಮ್ಮ ಓದಿದರು, ನಿಂತುಕೊಂಡೇ.

ಪತ್ರ ಹೋದ ಮೇಲಿನ ದಿನಗಳು ಉದ್ದವಾದವು. ಕೆಂಚಮ್ಮ ಡ್ಯೂಟಿ ಲಿಸ್ಟು ತಿದ್ದಿ ಸಾಬಿರಾಳಿಗೆ ಆದಷ್ಟು ಹಗುರವಾದ ಕೆಲಸ ಹಾಕಿದರು. ಹತ್ತಿ ಸುತ್ತುವುದು, ಪಟ್ಟಿ ಮಡಿಸುವುದು, ಬಟ್ಟೆ ಕೋಣೆಯ ಗಂಟಿನ ಮೇಲೆ ಕೂತು ಮಾಡುವಂಥದು. ಆದರೆ ವಾರ್ಡಿನಲ್ಲಿ ಯಾರಾದರೂ ನರಳಿದರೆ ಅವಳು ಗಂಟಿನ ಮೇಲೆ ಕೂರುತ್ತಿರಲಿಲ್ಲ. ಬಿಸ್ಮಿಲ್ಲಾ ಬೀ ದಿನಾ ಸಂಜೆ ಗೇಟಿನ ಹತ್ತಿರ ಬಂದು ಕೆಂಚಮ್ಮನನ್ನು ಕೇಳುತ್ತಿದ್ದರು.

"ಬಂತಾ ಅಮ್ಮ ನಿಮ್ಮ ಕುರ್ಚಿ?"

"ಬತ್ತದೆ ಬೀ, ದಾರಿಲೈತೆ."

"ನನ್ನ ಮೊಮ್ಮಗೂನೂ ದಾರೀಲೇ ಇದೆ. ಯಾವುದ್ ಮೊದ್ಲು ಬರುತ್ತೋ ನೋಡೋಣ."

ಹದಿನೈದನೇ ದಿನ ಮಧ್ಯಾಹ್ನ ಆಸ್ಪತ್ರೆಯ ಮುಂದೆ ಲಾರಿ ನಿಂತಿತು. ಹುಚ್ಚಯ್ಯ ಓಡಿ ಬಂದು, "ಸಿಸ್ಟ್ರೇ, ಮದುವೆ ಮನೆ ಸಾಮಾನು ಬಂತು!" ಎಂದು ಕೂಗಿದ. ಹನ್ನೊಂದು ಕಬ್ಬಿಣದ ಕುರ್ಚಿ, ಆರು ಮರದ ಬೆಂಚು. ಕೆಂಚಮ್ಮ ಮೊದಲು ಬೆಂಚುಗಳನ್ನು ಇಳಿಸಲು ಹೇಳಿದರು. ನೆಲದ ಮೇಲಿದ್ದ ಅಜ್ಜಿಯರನ್ನೆಲ್ಲ ಕರೆದು ಸಾಲಾಗಿ ಕೂರಿಸಿದರು. ಒಬ್ಬ ಅಜ್ಜಿಯೂ ನಿಂತಿಲ್ಲವೆಂದು ಖಾತ್ರಿಯಾದ ಮೇಲೆ ಒಂದು ಕುರ್ಚಿಯನ್ನು ಹೆರಿಗೆ ವಾರ್ಡಿನ ಕಿಟಕಿ ಪಕ್ಕ ಹಾಕಿ, "ಕುಂತ್ಕೊ" ಎಂದರು.

ಸಾಬಿರಾ ಕೂತಳು. ಕೇಸ್ ಶೀಟು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಿದ್ದರು. ಸಾಬಿರಾಳ ಮಂಡಿಗಳು ನೆಟ್ಟಗಾಗಲು ಹೊರಟವು. ಕೆಂಚಮ್ಮ ಹಿಂದಿನಿಂದ ಅವಳ ಭುಜದ ಮೇಲೆ ಕೈಯಿಟ್ಟರು. ಒತ್ತಲಿಲ್ಲ, ಸುಮ್ಮನೆ ಇಟ್ಟರು. ಅವಳು ಏಳಲಿಲ್ಲ.

ಡಾಕ್ಟರು ಒಂದು ಗಳಿಗೆ ನಿಂತರು. ಬೆಂಚಿನ ಮೇಲಿದ್ದ ಅಜ್ಜಿಯರೆಲ್ಲ ಏನಾಗುತ್ತದೋ ಎಂದು ನೋಡುತ್ತಿದ್ದರು.

"ಎರಡನೇ ಬೆಡ್ಡಿಗೆ ಬಿಪಿ ಎಷ್ಟಿದೆ ಸಿಸ್ಟರ್?"

"ನೂರಾ ಮೂವತ್ತು ತೊಂಬತ್ತು ಸಾರ್" ಎಂದು ಸಾಬಿರಾ ಕೂತಲ್ಲಿಂದಲೇ ಹೇಳಿ ಶೀಟು ಚಾಚಿದಳು. ಡಾಕ್ಟರು ಎರಡು ಹೆಜ್ಜೆ ಮುಂದೆ ಬಂದು ತಗೊಂಡರು.

ಪರ್ಸಿನಲ್ಲಿದ್ದ ರಾಜೀನಾಮೆ ಪತ್ರದ ಹಿಂಬದಿಯಲ್ಲಿ ಅವತ್ತು ಸಂಜೆ ಫಕ್ರುದ್ದೀನ್ ಗಿಲಕಿಯ ನಕ್ಷೆ ಬರೆದನಂತೆ. ಮೇಲಧಿಕಾರಿಗಳು ನೋಡಲು ಬರಲೇ ಇಲ್ಲ. ಅದರ ಬಗ್ಗೆ ಯಾರೂ ದೂರು ಕೊಡಲಿಲ್ಲ.

ಒಂಬತ್ತು ತುಂಬಿ ಹೆರಿಗೆಯಾಗುವ ಹಿಂದಿನ ದಿನದವರೆಗೆ ಸಾಬಿರಾ ಡ್ಯೂಟಿ ಮಾಡಿದಳು. ಅಷ್ಟರಲ್ಲಿ ಸಂಘ ಮತ್ತೊಂದು ಪತ್ರ ಬರೆದಿತ್ತು, ಅವಳ ಗೈರುಹಾಜರಿಯ ದಿನಗಳಿಗೆ ಉಳಿದ ಆರು ಜನ ತಮ್ಮ ವಾರದ ರಜೆ ಬಿಟ್ಟು ಡ್ಯೂಟಿ ಮಾಡುತ್ತೇವೆ, ಆದೇಶ ರದ್ದು ಮಾಡಬಾರದು ಎಂದು. ದೊಡ್ಡ ಡಾಕ್ಟರು ಶಿಫಾರಸು ಹಾಕಿ ಕಳಿಸಿದರು, ಅದು ಮಂಜೂರಾಯಿತು. ಮುಂದೆ ಅವಳ ಕೆಲಸ ಕಾಯಂ ಆಯಿತು, ಕೆಂಚಮ್ಮ ನಿವೃತ್ತರಾದ ಮೇಲೆ ಸಂಘದ ಕಾರ್ಯದರ್ಶಿಯೂ ಅವಳೇ ಆದಳು. ಆ ಆಸ್ಪತ್ರೆಯಲ್ಲಿ ಬಹಳ ವರ್ಷ ಒಂದು ಪದ್ಧತಿ ನಡೆದುಕೊಂಡು ಬಂತು. ಓವರ್ ತಗೊಳ್ಳಲು ಬಂದವರು ಮೊದಲು ಒಂದು ನಿಮಿಷ ಕೂರಬೇಕು, ಆಮೇಲೆ ಮಂಚಗಳ ಕಡೆ ಹೋಗಬೇಕು.

"ನೀವು ಆ ಕುರ್ಚಿಲಿ ಒಂದ್ಸಲವಾದರೂ ಕೂತಿದ್ದೀರಾ?" ಎಂದು ಕೇಳಿದೆ.

"ಕುರ್ಚಿಲಿ ಇಲ್ಲ" ಎಂದರು ಕೆಂಚಮ್ಮ. "ಸಾಬಿರಾ ಹೆರಿಗೆ ದಿನ ನಂಗೆ ರಜ. ನರ್ಸಾಗಿ ಹೋಗಿರ್ಲಿಲ್ಲ, ಅವಳ ಕಡೆಯೋಳಾಗಿ ಹೋಗಿದ್ದೆ. ಬಿಸ್ಮಿಲ್ಲಾ ಬೀ ಬೆಂಚಲ್ಲಿ ಒಸಿ ಸರ್ಕೊಂಡು ಜಾಗ ಮಾಡ್ಕೊಟ್ರು. ಒಳಗಿಂದ ಮಗು ಅತ್ತ ಸದ್ದು ಬರೋಗಂಟ ಇಬ್ರೂ ಕುಂತೇ ಇದ್ವಿ. ನಾಲ್ಕು ಗಂಟೆ."

"ಸೊಂಟ ಹಿಡ್ಕೊಳ್ಳಲಿಲ್ವಾ?"

"ಹಿಡ್ಕತು" ಎಂದು ನಕ್ಕು, ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ತರಲು ಒಳಗೆ ಹೋದರು.